ಕಲ್ಲು ಒಣಗುವವರೆಗೆ

ಹೋದ ವಾರ ಟೈಲ್ಸ್ ಹಾಕುವವನು ಬಂದು ನಮ್ಮ ಪಡಸಾಲೆಯ ನೆಲದ ಮೇಲೆ ಒಂದು ಬಕೆಟ್ ನೀರು ಸುರಿದ. ಹಳೆಯ ಶಹಾಬಾದಿ ಕಲ್ಲಿನ ನೆಲ ಅದು. ಕೀಳುವ ಮೊದಲು ಧೂಳು ಕೂರಲಿ ಎಂದು ಸುರಿದನಂತೆ. ಬಾಗಿಲಿಂದ ಬಿದ್ದ ಬಿಸಿಲಿಗೆ ಕಾದಿದ್ದ ಕಲ್ಲಿಗೆ ನೀರು ತಾಗಿದಾಗ ಒಂದು ವಾಸನೆ ಎದ್ದಿತು. ಅದು ಮಣ್ಣಿನ ವಾಸನೆಯಲ್ಲ, ಸುಣ್ಣದ ವಾಸನೆಯೂ ಅಲ್ಲ... ಕಲ್ಲಿನ ಖಣಿಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ, ದುಡಿಯದವರಿಗೆ ಹೇಳಿ ಉಪಯೋಗವಿಲ್ಲ. ನಾನು ಚಹಾದ ಕಪ್ಪನ್ನು ಕಿಟಕಿಯಲ್ಲಿಟ್ಟು ಹೊಸ್ತಿಲ ಹತ್ತಿರ ಹೋಗಿ ನಿಂತೆ. ಸುತ್ತಲಿನ ಕಲ್ಲುಗಳೆಲ್ಲ ಒಣಗಿ ಬೆಳ್ಳಗಾದವು. ಹೊಸ್ತಿಲ ಒಳಗಿನ ಮೊದಲ ಕಲ್ಲಿನಲ್ಲಿ ಮಾತ್ರ ಒಂದು ಮೂಲೆಯಿಂದ ನಡುವಿನವರೆಗೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಉಳಿಯಿತು. ಆ ಗೆರೆ ನನಗಿಂತ ಗಟ್ಟಿ, ಇನ್ನೂ ಇದೆ.

ಟೈಲ್ಸ್ ಹಾಕಿಸುವ ಹುಕಿ ನನ್ನ ತಮ್ಮನ ಮಗನದು. ಅವನು ಸೇಡಂ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಇನ್‌ಚಾರ್ಜ್. ಅವನ ಕೈಕೆಳಗೆ ಮೂವತ್ತು ಜನ ಇದ್ದಾರೆ. ಟೈಲ್ಸ್‌ನವನು ಬರುವ ಕೆಲವು ದಿನ ಮೊದಲು ಮೂರು ದಿನದ ತರಬೇತಿ ಮುಗಿಸಿ ಒಂದು ನೀಲಿ ಫೈಲು ಹಿಡಿದು ಬಂದಿದ್ದ. ಜನರಿಂದ ಕೆಲಸ ತೆಗೆಯುವುದಕ್ಕೆ ಈಗ ಕೋಚಿಂಗ್ ಎಂಬ ವಿದ್ಯೆ ಬಂದಿದೆಯಂತೆ. ಗದರಿಸಬಾರದು, ಕೇಳಬೇಕು. ಉತ್ತರ ನಾವು ಹೇಳಬಾರದು, ಅವರಿಂದಲೇ ಬರಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಇಷ್ಟನ್ನು ಅರ್ಧ ಗಂಟೆ ನನಗೆ ವಿವರಿಸಿದ. ಅಷ್ಟರಲ್ಲಿ ಫೋನ್ ಬಂತು. ಅಂಗಳಕ್ಕೆ ಹೋಗಿ ಯಾರಿಗೋ ಎಂಥ ಬೈಗುಳ ಬೈದನೆಂದರೆ ಪಕ್ಕದ ಮನೆಯ ಎಮ್ಮೆ ಎದ್ದು ನಿಂತಿತು. ನಾನು ನಕ್ಕುಬಿಟ್ಟೆ. ಅವನಿಗೆ ಸಿಟ್ಟು ಬಂತು. “ಇದು ಹೊಸಾದು ಅದ ಅತ್ತಿ, ನಿನಗ ತಿಳಿಯಂಗಿಲ್ಲ ಬಿಡು” ಎಂದ.

ತಿಳಿಯುವುದಿಲ್ಲವಂತೆ! ನಾನು ಏಳನೇ ಇಯತ್ತೆ ಪಾಸಾದವಳು. ಮುಂದೆ ಓದಿದ್ದೆಲ್ಲ ಊರಿನ ಗ್ರಂಥಾಲಯದ ಬೆಂಚಿನ ಮೇಲೆ. ಬರೆಯಲು ಬರುತ್ತದೆ, ಆದ್ದರಿಂದ ಬರೆಯುತ್ತೇನೆ. ಅವನ ನೀಲಿ ಫೈಲು ಹುಟ್ಟುವ ಎಷ್ಟೋ ವರ್ಷ ಮೊದಲು, ಎಡಗೈಯ ಎರಡು ಬೆರಳಿಲ್ಲದ ಒಬ್ಬರು ಅದನ್ನೆಲ್ಲ ಒಂದು ಚರಗಿ ನೀರಿನಲ್ಲಿ ಮಾಡಿ ತೋರಿಸಿದ್ದರು. ಅವರು ನಮ್ಮ ಖಣಿಯ ಮೇಸ್ತ್ರಿ.

ಶಹಾಬಾದಿನಿಂದ ಎರಡು ಮೈಲು, ವಾಡಿ ಕಡೆ ಹೋಗುವ ರೈಲು ಹಳಿಯ ಆಚೆ ಆ ಖಣಿ ಇತ್ತು. ಮೇಲೆ ನಿಂತು ನೋಡಿದರೆ ಕರಿಮಣ್ಣು, ತೊಗರಿ ಹೊಲ, ಅಷ್ಟೇ. ಹತ್ತು ಹದಿನೈದು ಅಡಿ ಕೆಳಗಿಳಿದರೆ ಕಲ್ಲು ಪದರ ಪದರವಾಗಿ ಹಾಸಿಕೊಂಡಿರುತ್ತಿತ್ತು. ಗಂಡಸರು ಹಾರೆಯಿಂದ ಪದರ ಎಬ್ಬಿಸಿ, ಗೆರೆ ಹಾಕಿ, ಛಣಿ ಎಂಬ ಉಳಿ ಮತ್ತು ಸುತ್ತಿಗೆಯಿಂದ ಅಳತೆಗೆ ಕತ್ತರಿಸುತ್ತಿದ್ದರು. ಹೆಂಗಸರು ಒಡೆದ ಚೂರನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ಸುರಿಯುತ್ತಿದ್ದೆವು. ಹೆಂಗಸರು ಛಣಿ ಮುಟ್ಟುವಂತಿರಲಿಲ್ಲ, ದಾಟುವಂತೆಯೂ ಇರಲಿಲ್ಲ. ದಾಟಿದರೆ ಕಲ್ಲು ಮುನಿಯುತ್ತದೆ ಎನ್ನುತ್ತಿದ್ದರು. ದಸರೆಯ ಖಂಡೆ ಪೂಜೆಯ ದಿನ ಛಣಿಗಳಿಗೆ ಹಚ್ಚುವ ಕುಂಕುಮವನ್ನೂ ಗಂಡಸರೇ ಹಚ್ಚುತ್ತಿದ್ದರು. ಆ ಕುಂಕುಮ ಅರೆದು ಕೊಟ್ಟವರು ಮಾತ್ರ ನಾವು.

ನಾನು ಅಲ್ಲಿಗೆ ಸೇರಿದಾಗ ಇಪ್ಪತ್ತು ವರ್ಷದವಳು. ಚಂದಾಪುರದ ಗಂಡನ ಮನೆಯಲ್ಲಿ ಒಂದೂವರೆ ವರ್ಷ ಬಾಳಿ, ಇನ್ನು ಸಾಕು ಎಂದು ಟ್ರಂಕು ಹಿಡಿದು ಬಸ್ಸು ಹತ್ತಿ ಬಂದಿದ್ದೆ. ಯಾಕೆ ಬಂದೆ ಎಂದು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆತನದ ಮರ್ಯಾದೆಯ ಪ್ರಶ್ನೆಯಾಗಿತ್ತಂತೆ. ನನ್ನ ಮರ್ಯಾದೆಯ ವಿಚಾರ ಯಾರೂ ಎತ್ತಲಿಲ್ಲ. ಅವ್ವ ಮೊದಲಿನಿಂದಲೂ ಖಣಿಯಲ್ಲಿ ಬುಟ್ಟಿ ಹೊರುತ್ತಿದ್ದಳು. ಮಾರನೆಯ ದಿನವೇ ಅವಳ ಹಿಂದೆ ನಡೆದೆ. ಬುಟ್ಟಿ ಹೊರುವವರನ್ನು ಯಾವ ದಿನ ಬೇಕಾದರೂ ನಾಳೆಯಿಂದ ಬರಬೇಡ ಎನ್ನಬಹುದಿತ್ತು. ಕಲ್ಲು ಕತ್ತರಿಸುವವರಿಗೆ ಹಾಗನ್ನುವುದು ಸುಲಭವಿರಲಿಲ್ಲ. ಅವರಿಗೆ ಖಣಿಯಲ್ಲಿ ಸ್ವಂತ ಜಾಗವಿತ್ತು. ಕತ್ತರಿಸಿದ ಕಲ್ಲಿನ ಬೆನ್ನಿಗೆ ಹಾಕಲು ಒಬ್ಬೊಬ್ಬರಿಗೆ ಒಂದೊಂದು ಗುರುತೂ ಇತ್ತು. ಒಬ್ಬರದು ತ್ರಿಶೂಲ, ಒಬ್ಬರದು ಮೀನು. ನನಗೂ ಒಂದು ಗುರುತು ಬೇಕು ಎಂಬ ಆಸೆ ನೋಡಿದ ಮೊದಲ ದಿನವೇ ಹುಟ್ಟಿತು. ಯಾರೂ ಅಳಿಸಲಾಗದ ನನ್ನದೇ ಒಂದು ಗುರುತು.

ನನಗೆ ಬುಟ್ಟಿಯ ಜೊತೆ ಇನ್ನೊಂದು ಕೆಲಸ ಕೊಟ್ಟಿದ್ದರು. ಕತ್ತರಿಸುವ ಮೊದಲು ಪ್ರತಿ ಕಲ್ಲಿಗೂ ನೀರು ಹಾಕಬೇಕು. ಯಾಕೆಂದರೆ ಕಲ್ಲಿನೊಳಗೆ ಕಣ್ಣಿಗೆ ಕಾಣದ ಸಣ್ಣ ಬಿರುಕು ಇರುತ್ತದೆ. ನಮ್ಮ ಕಡೆ ಅದಕ್ಕೆ ಎಳಿ, ಅಂದರೆ ಎಳೆ, ಅನ್ನುತ್ತಾರೆ. ಒಣ ಕಲ್ಲಿನಲ್ಲಿ ಅದು ಕಾಣುವುದಿಲ್ಲ, ಒದ್ದೆ ಕಲ್ಲಿನಲ್ಲೂ ಕಾಣುವುದಿಲ್ಲ. ನೀರು ಹಾಕಿ ಕಾಯಬೇಕು. ಕಲ್ಲೆಲ್ಲ ಒಣಗಿದ ಮೇಲೂ ಎಳೆಯಲ್ಲಿ ನೀರು ಉಳಿದಿರುತ್ತದೆ, ಅಲ್ಲೊಂದು ಕಪ್ಪು ಗೆರೆ ನಿಲ್ಲುತ್ತದೆ. ಅದನ್ನು ಬಿಟ್ಟು ಛಣಿ ಇಟ್ಟರೆ ಕಲ್ಲು ಹೇಳಿದಂತೆ ಕೇಳುತ್ತದೆ. ನೋಡದೆ ಹೊಡೆದರೆ ಕಲ್ಲು ಎಳೆಯ ಗುಂಟ ಓಡಿ ಎರಡು ಹೋಳಾಗುತ್ತದೆ. ಹಾಗಾಗಿ ಖಣಿಯ ಕೆಲಸದಲ್ಲಿ ಅರ್ಧ ಪಾಲು ಸುಮ್ಮನೆ ಕುಳಿತು ಕಲ್ಲು ಒಣಗುವುದನ್ನು ನೋಡುವುದು. ಬೇಸಿಗೆಯಲ್ಲಿ ಎರಡು ನಿಮಿಷ ಸಾಕು. ಚಳಿಗಾಲದ ಬೆಳಿಗ್ಗೆ ಒಂದು ಬೀಡಿ ಸೇದಿ ಮುಗಿದರೂ ಒಣಗುತ್ತಿರಲಿಲ್ಲ.

ಮೇಸ್ತ್ರಿಯವರಿಗೆ ಆಗ ಐವತ್ತೈದರ ಸುಮಾರು. ಬತ್ತಿದ ಮೈ, ತಲೆಗೆ ಮಾಸಿದ ರುಮಾಲು, ಕೈಯಲ್ಲಿ ಯಾವಾಗಲೂ ಒಂದು ಸೊಟ್ಟ ಅಲ್ಯೂಮಿನಿಯಂ ಚರಗಿ. ಬೇರೆ ಖಣಿಗಳಲ್ಲಿ ಮೇಸ್ತ್ರಿ ಎಂದರೆ ಬಾಯಿ. ಅವರ ಬೈಗುಳ ರೈಲಿನ ಶಬ್ದಕ್ಕೂ ಮಿಗಿಲಾಗಿ ಕೇಳುತ್ತಿತ್ತು. ನಮ್ಮವರು ಅಷ್ಟೂ ಹೊತ್ತು ಖಣಿಯಲ್ಲಿದ್ದಾರೋ ಇಲ್ಲವೋ ಎಂದು ಅನುಮಾನ ಬರಬೇಕು, ಹಾಗಿರುತ್ತಿದ್ದರು. ಯಾರಾದರೂ ಬಂದು ಈ ಕಲ್ಲು ಎಲ್ಲಿ ಕತ್ತರಿಸಲಿ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಚರಗಿಯಿಂದ ನೀರು ಸುರಿದು, ಕುಕ್ಕರುಗಾಲಲ್ಲಿ ಕುಳಿತು, “ಏನ್ ಕಾಣ್ತದ?” ಎನ್ನುತ್ತಿದ್ದರು. ಆಮೇಲೆ ಸುಮ್ಮನೆ. ಕೇಳಿದವನು ತಾನೇ ನೋಡಿ, ತಾನೇ ಗೆರೆ ಹಾಕಬೇಕು. ತಪ್ಪು ಗೆರೆ ಹಾಕಿದರೆ “ಇನ್ನೊಮ್ಮೆ ನೋಡು” ಎನ್ನುತ್ತಿದ್ದರು. ಸರಿ ಹಾಕಿದರೆ ಅದೂ ಇಲ್ಲ, ಎದ್ದು ಹೋಗುತ್ತಿದ್ದರು. ಹೊಗಳಿದ್ದು ನಾನು ಕೇಳಿಲ್ಲ. ಆದರೆ ಯಾರ ಕಲ್ಲು ಚೆನ್ನಾಗಿ ಬಂದಿದೆಯೋ ಅದನ್ನು ತಾವೇ ಎತ್ತಿಸಿ ಸಾಲಿನ ಮುಂದೆ ನಿಲ್ಲಿಸುತ್ತಿದ್ದರು, ಬಂಡಿಯವರು ಬಂದಾಗ ಮೊದಲು ಕಾಣುವಂತೆ. ಆ ಜಾಗಕ್ಕಾಗಿ ದೊಡ್ಡ ದೊಡ್ಡ ಮೀಸೆಯ ಗಂಡಸರು ಒಳಗೊಳಗೇ ಒದ್ದಾಡುತ್ತಿದ್ದರು.

ದಿನಾ ತಡವಾಗಿ ಬರುವ ಒಬ್ಬ ಕುಡುಕನಿದ್ದ. ಅವನಿಗೆ ಮೇಸ್ತ್ರಿ ಒಂದು ಮಾತೂ ಅನ್ನಲಿಲ್ಲ. ಬೆಳಿಗ್ಗೆ ಎಲ್ಲರಿಗೂ ಛಣಿ ಹಂಚುವ ಪೆಟ್ಟಿಗೆಯ ಕೀಲಿಕೈ ತೆಗೆದು ಅವನ ಕೈಗೇ ಕೊಟ್ಟರು. ಅವನು ಬರುವವರೆಗೆ ಇಡೀ ಗ್ಯಾಂಗು ಕೈಕಟ್ಟಿ ನಿಲ್ಲಬೇಕು. ಎರಡು ದಿನ ನಿಂತೆವು. ಮೂರನೆಯ ದಿನ ಅವನು ನಮಗಿಂತ ಮೊದಲು ಬಂದು ಪೆಟ್ಟಿಗೆಯ ಮೇಲೆ ಕುಳಿತಿದ್ದ. ಇದು ನೀಲಿ ಫೈಲಿನಲ್ಲಿ ಯಾವ ಪುಟದಲ್ಲಿದೆಯೋ ತಮ್ಮನ ಮಗನನ್ನು ಕೇಳಬೇಕು.

ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯ ಕೈ ಒಬ್ಬರಿದ್ದರು. ಬಿಳಿ ಮೀಸೆ, ಹಣೆ ತುಂಬ ವಿಭೂತಿ. ನಾವೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು. ಛಣಿಯ ಹತ್ತಿರ ಹೆಂಗಸರ ಸೆರಗು ಹಾರಿದರೂ ಗದರುವವರು ಅವರೇ. ಒಂದು ದಿನ ಮಾವ ಒಂದು ದೊಡ್ಡ ಕಲ್ಲಿನ ಮುಂದೆ ಕುಳಿತಿದ್ದರು, ನಾನು ನೀರು ಹಾಕಿ ಸರಿದು ನಿಂತಿದ್ದೆ. ಮೇಸ್ತ್ರಿ ಬಂದರು. ಎಂದಿನಂತೆ ಮಾವನನ್ನು ಕೇಳಲಿಲ್ಲ. ನನ್ನ ಕಡೆ ತಿರುಗಿದರು. “ದಿನಾ ನೀರು ಹಾಕೋಕಿ ನೀನು. ನಿನಗೇನ್ ಕಾಣ್ತದ ಹೇಳವ್ವಾ.”

ಇಪ್ಪತ್ತು ವರ್ಷದಲ್ಲಿ ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನೀರು ತಾ ಎಂದಿದ್ದರು, ಬುಟ್ಟಿ ಹೊರು ಎಂದಿದ್ದರು, ಹೊಂದಿಕೊಂಡು ಹೋಗು ಎಂದಿದ್ದರು. ನಿನಗೇನು ಕಾಣುತ್ತದೆ ಎಂದು ಅವ್ವನೂ ಕೇಳಿರಲಿಲ್ಲ. ಬೆರಳು ಚಾಚಿ, ಎಡ ಮೂಲೆಯಿಂದ ಎಳೆ ಅಡ್ಡ ಬಂದಿದೆ, ಅಲ್ಲಿ ಹೊಡೆದರೆ ಹೋಗುತ್ತದೆ ಎಂದೆ. ಮಾವ ತಲೆಯೆತ್ತಲಿಲ್ಲ. ಹೆಂಗಸರ ಮಾತು ಕೇಳಿ ಕಲ್ಲು ಕತ್ತರಿಸಿದವರು ಯಾರೂ ಇಲ್ಲ ಎಂದು ಗೊಣಗಿ, ಬೇಕೆಂದೇ ಅಲ್ಲಿಯೇ ಛಣಿ ಇಟ್ಟರು. ನಾಲ್ಕನೆಯ ಏಟಿಗೆ ಕಲ್ಲು ನಾನು ಬೆರಳು ಚಾಚಿದ ಗುಂಟವೇ ಓಡಿ ಎರಡಾಯಿತು. ಮೇಸ್ತ್ರಿ ಚರಗಿ ಎತ್ತಿಕೊಂಡು ಮುಂದಿನ ಕಲ್ಲಿಗೆ ಹೋದರು.

ಅಂದು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಮುಂದೆ ನಿಂತು, ನನಗೆ ಛಣಿ ಕಲಿಸಬೇಕು ಎಂದೆ. ಯಾಕೆ ಎಂದು ಕೇಳಿದರು. ಹೆಚ್ಚು ಕೂಲಿಗೆ ಎಂದೆ. ಅಷ್ಟಕ್ಕೇನಾ ಎಂದರು. ಮರುದಿನ ಮತ್ತೆ ಹೋದೆ, ಮತ್ತೆ ಯಾಕೆ ಎಂದರು. ಹೀಗೆ ಒಂದು ವಾರ. ಕೊನೆಗೆ ಸಿಟ್ಟಿನಿಂದ, ನನ್ನ ಗುರುತು ಹಾಕಿದ ಒಂದು ಕಲ್ಲು ಈ ಭೂಮಿಯ ಮೇಲೆ ಎಲ್ಲಾದರೂ ಇರಬೇಕು, ಅದಕ್ಕೆ ಎಂದೆ. ಅವರು ಕೈಗೆ ಅಂಟಿದ ಶೇಂಗಾ ಹಿಂಡಿ ಕೊಡವಿ, ನಾಳೆಯಿಂದ ಬುತ್ತಿಯ ಹೊತ್ತಿನಲ್ಲಿ ಬಾ ಎಂದರು.

ಎರಡು ತಿಂಗಳು ಛಣಿ ಕೊಡಲಿಲ್ಲ. ಬೆರಳ ಗೆಣ್ಣಿನಿಂದ ಕಲ್ಲು ತಟ್ಟಿಸಿದರು, ಯಾವುದು ಹೇಗೆ ನುಡಿಯುತ್ತದೆ ಕೇಳು ಎಂದರು. ನೀರು ಹಾಕಿಸಿ ಗೆರೆ ಹಾಕಿಸಿದರು. ಸರಿಯೋ ತಪ್ಪೋ ಹೇಳಲಿಲ್ಲ. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೇ. ಒಂದು ದಿನ, ಹೇಳಿಕೊಡುವುದಾದರೆ ಹೇಳಿಕೊಡಿ, ಇಲ್ಲದಿದ್ದರೆ ಬಿಡಿ ಎಂದು ಸುಣ್ಣದ ಕಡ್ಡಿಯನ್ನು ಎಸೆದೆ. ಅವರು ಅದನ್ನು ಹೆಕ್ಕಿಕೊಂಡು ಬಂದು ನನ್ನ ಕೈಗೆ ಕೊಟ್ಟು, “ನಾ ಹೇಳಿದ್ರ ನನ್ನ ಕಲ್ಲಾಗ್ತದ ಅದು” ಎಂದರು. ಮರುದಿನ ಛಣಿ ಕೊಟ್ಟರು.

ಮೊದಲ ಕಲ್ಲು ಸಣ್ಣದು, ಎರಡಡಿ ಚೌಕ. ನನಗೆ ಅವಸರ. ಗಂಡಸರು ರೊಟ್ಟಿ ತಿನ್ನುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದರು, ಅವರೆದುರಿಗೆ ಒಂದೇ ಏಟಿಗೆ ಮಾಡಿ ತೋರಿಸಬೇಕೆಂಬ ಉಮೇದು. ನೀರು ಪೂರ್ತಿ ಒಣಗುವ ಮೊದಲೇ ಗೆರೆ ಹಾಕಿ ಹೊಡೆದೆ. ಕಲ್ಲು ಗೆರೆಯ ಗುಂಟ ಸರಿಯಾಗಿಯೇ ಬಿಟ್ಟುಕೊಂಡಿತು. ಹಿಗ್ಗಿ ಹೀರೇಕಾಯಿಯಾದೆ. ಮೇಸ್ತ್ರಿ ಅದರ ಮೇಲೆ ಚರಗಿ ಬಗ್ಗಿಸಿ, ಏನು ಕಾಣುತ್ತದೆ ಎಂದರು. ಕಲ್ಲು ಒಣಗುತ್ತಾ ಬಂತು... ಮೂಲೆಯಿಂದ ನಡುವಿನವರೆಗೆ ಕಪ್ಪು ಎಳೆ ನಿಂತಿತು. ಒಡೆಯದೆ ಉಳಿದದ್ದು ನನ್ನ ಅದೃಷ್ಟ, ನನ್ನ ವಿದ್ಯೆಯಲ್ಲ. ಅದು ಮಾರುವ ಕಲ್ಲಲ್ಲ. ಕಣ್ಣಲ್ಲಿ ನೀರು ಬಂತು, ಆದರೆ ಅಷ್ಟು ಜನರೆದುರಿಗೆ ಅಳಲಿಲ್ಲ.

ಸಂಜೆ ಮೇಸ್ತ್ರಿ ಆ ಕಲ್ಲನ್ನು ಬಂಡಿಯಲ್ಲಿ ಹಾಕಿಸಿಕೊಂಡು ನಮ್ಮ ಮನೆಗೆ ಬಂದರು. ಇದೇ ಮನೆ, ಆಗ ಮಣ್ಣಿನ ನೆಲ, ಸುತ್ತಲಿನ ಕಲ್ಲುಗಳು ಬಂದದ್ದು ಆಮೇಲೆ. ಊರಿಗೆಲ್ಲ ನೆಲ ಹಾಸುವ ಖಣಿಯಲ್ಲಿ ದುಡಿದ ಅವ್ವನ ಮನೆಯಲ್ಲಿ ಒಂದು ಕಲ್ಲೂ ಇರಲಿಲ್ಲ. ಅವರು ಹೊಸ್ತಿಲ ಒಳಗೆ ಗುಣಿ ತೋಡಿ, ಉಸುಕು ಸುರಿದು, ನೀರು ಬಿಟ್ಟು, ಕುಟ್ಟಿ, ಮತ್ತೆ ಸುರಿದು, ಮತ್ತೆ ಕುಟ್ಟಿ, ಒಂದು ಕಲ್ಲಿಗೆ ಇಷ್ಟು ಯಾಕೆ ಎಂದು ಅವ್ವ ಬೇಸರಪಡುವಷ್ಟು ಹೊತ್ತು ತೆಗೆದುಕೊಂಡರು. ಕೂರಿಸಿ ಎದ್ದು, ದಿನಾ ಇದರ ಮೇಲೆ ಕಾಲಿಟ್ಟು ಕೆಲಸಕ್ಕೆ ಬಾ ಎಂದು ಹೇಳಿ ಹೋದರು.

ಅದಾಗಿ ಒಂದು ವರ್ಷಕ್ಕೆ, ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದು ಹೆಸರು ಬಂದ ಕಾಲದಲ್ಲಿ, ಖಣಿಗೆ ಹೊಸ ಮ್ಯಾನೇಜರ್ ಬಂದರು. ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಒಂದು ಸೀಟಿ. ಅದನ್ನು ಊದಿದರೆ ಕೆಲಸ ಆಗುತ್ತದೆ ಎಂದು ಅವರು ನಂಬಿದ್ದರು. ಅದೇ ಚಳಿಗಾಲ ಒಂದು ದೊಡ್ಡ ಆರ್ಡರೂ ಬಂತು. ಒಂದು ಕಾಲೇಜಿನ ಹೊಸ ಸಭಾಂಗಣಕ್ಕೆ ಆರಡಿ ಉದ್ದದ ಅಖಂಡ ಕಲ್ಲುಗಳು ಬೇಕಿತ್ತು. ಮ್ಯಾನೇಜರ್ ಖಣಿಯ ಅಂಚಿಗೆ ಬಂದು ನಿಂತು ನೋಡುತ್ತಾರೆ, ಕೆಳಗೆ ಹದಿನೆಂಟು ಜನ ಕುಕ್ಕರುಗಾಲಲ್ಲಿ ಕುಳಿತು ಕಲ್ಲನ್ನು ದಿಟ್ಟಿಸುತ್ತಿದ್ದೇವೆ. ಅವರಿಗೆ ಮೈ ಉರಿಯಿತು. “ಕಲ್ಲು ಒಣಗೋದು ನೋಡ್ಲಿಕ್ಕೆ ಪಗಾರ ಕೊಡ್ತೀವೇನು ನಿಮಗ?” ಎಂದು ಸೀಟಿ ಊದಿದರು. ಇನ್ನು ಮೇಲೆ ನೀರು ಹಾಕುವುದು ಬೇಡ, ಕಾಯುವುದು ಬೇಡ, ಸೀಟಿ ಕೇಳಿದ ಕೂಡಲೇ ಸುತ್ತಿಗೆ ಏಳಬೇಕು ಎಂದು ಕಾನೂನು ಮಾಡಿದರು. ಮೇಸ್ತ್ರಿ ಮೇಲೆ ಹತ್ತಿ ಹೋಗಿ ಚರಗಿ ಬಗ್ಗಿಸಿ ತೋರಿಸಿದರು, ಏನು ಕಾಣುತ್ತದೆ ಎಂದು ಅವರನ್ನೂ ಕೇಳಿದರು. ಒದ್ದೆ ಕಲ್ಲು ಕಾಣುತ್ತದೆ ಎಂದರು ಮ್ಯಾನೇಜರ್, ಗಡಿಯಾರ ನೋಡಿ ಹೊರಟುಹೋದರು.

ವಾರದಲ್ಲಿ ಆರಡಿ ಕಲ್ಲುಗಳು ಒಂದರ ಮೇಲೊಂದು ಒಡೆದವು. ಎಲ್ಲರ ಕೈಯಲ್ಲೂ ಒಡೆದವು, ಮಾವನ ಕೈಯಲ್ಲಿ ಹೆಚ್ಚು. ಕಾರಣ ನನಗೆ ಗೊತ್ತಿತ್ತು. ಮಾವನ ಕಣ್ಣಿಗೆ ಪೊರೆ ಬರುತ್ತಿತ್ತು. ಕಾಯಲು ಬಿಟ್ಟರೆ ಕಲ್ಲಿಗೆ ಮುಖ ತಾಗಿಸಿ ಎಳೆ ಹುಡುಕಿಕೊಳ್ಳುತ್ತಿದ್ದರು, ಸೀಟಿಯ ಕೆಳಗೆ ಅದು ಆಗುತ್ತಿರಲಿಲ್ಲ. ಯಾರು ಒಡೆಯುತ್ತಿದ್ದಾರೆ ಹೆಸರು ಕೊಡು ಎಂದು ಮ್ಯಾನೇಜರ್ ಮೇಸ್ತ್ರಿಯ ಬೆನ್ನು ಹತ್ತಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಸ್ತ್ರಿ ಹೆಸರು ಕೊಡಲಿಲ್ಲ. ಆಗ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆಸಿದರು. ನೀನು ಛಣಿ ಹಿಡಿಯಲು ಕಲಿಯುತ್ತಿದ್ದೀಯಂತೆ, ಹೆಸರು ಹೇಳು, ಅವನ ಜಾಗ ನಿನಗೆ, ಗುರುತೂ ಹಾಕಿಕೊಳ್ಳಬಹುದು, ಇಲ್ಲಾಂದರೆ ಬುಟ್ಟಿಯೂ ಇಲ್ಲ, ನಾಳೆ ಎಲ್ಲರೆದುರಿಗೆ ಹೇಳಬೇಕು ಎಂದರು.

ನಾನು ಸುಳ್ಳು ಬರೆಯುವುದಿಲ್ಲ. ಆಸೆಯಾಯಿತು. ಹೆಣ್ಣಿನ ಕೈ ಎಂದು ಮೂಗು ಮುರಿದ ಮುದುಕನ ಜಾಗ, ನನ್ನ ಗುರುತು. ಹೆಸರು ಹೇಳಿದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಹಳಿಯ ಗುಂಟ ಮನೆಗೆ ಹೋಗುವಾಗ ಮೇಸ್ತ್ರಿಗೆ ಎಲ್ಲ ಹೇಳಿ, ನಾನೇನು ಮಾಡಲಿ ಎಂದೆ. ಅವರು ನಿಂತರು. “ನಿನಗೇನ್ ಕಾಣ್ತದ?” ಎಂದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಅವರ ಮುಖಕ್ಕೇ ಅಂದು ಬಿರಬಿರನೆ ನಡೆದೆ. ಈ ಒಂದು ಸಲವಾದರೂ ಹೇಳಬಾರದಿತ್ತೇ... ಮೇಸ್ತ್ರಿಯ ಅನ್ನವೂ ಇದರ ಮೇಲೇ ನಿಂತಿತ್ತು.

ಬೆಳಿಗ್ಗೆ ಎದ್ದು ಹೊಸ್ತಿಲ ಕಲ್ಲಿನ ಮೇಲೆ ನೀರು ಹಾಕಿ ಕುಳಿತೆ. ಅವ್ವ ಹೊತ್ತಾಯಿತು ಎಂದು ಕೂಗುತ್ತಲೇ ಇದ್ದಳು. ಕಲ್ಲು ಒಣಗಿತು, ಎಳೆ ಕಂಡಿತು. ನಾನು ಅವಸರ ಮಾಡಿದ್ದರಿಂದ ಕಾಣದೇ ಹೋದ ಎಳೆ. ಆವತ್ತು ನನ್ನನ್ನು ಅವಸರಪಡಿಸಿದವರು ಯಾರು, ಈಗ ಮಾವನನ್ನು ಅವಸರಪಡಿಸುತ್ತಿರುವವರು ಯಾರು ಎಂದು ಯೋಚಿಸಿದೆ. ಆಮೇಲೆ ಎದ್ದು ಕೆಲಸಕ್ಕೆ ಹೋದೆ.

ಮ್ಯಾನೇಜರ್ ಖಣಿಯೊಳಗೇ ಇಳಿದು ಬಂದಿದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹೇಳು ಯಾರು ಎಂದು ನನ್ನ ಕಡೆ ನೋಡಿದರು. ಮಾವ ನೆಲ ನೋಡುತ್ತಿದ್ದರು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

“ಒಡೀಲಿಕತ್ತಿದ್ದು ನಮ್ಮ ಮಂದಿ ಅಲ್ರಿ ಸಾಹೇಬ್ರ, ನಿಮ್ಮ ಸೀಟಿ” ಎಂದೆ.

ಯಾರೋ ಹಿಂದೆ ಕೆಮ್ಮಿದರು. ಮ್ಯಾನೇಜರ್ ಮುಖ ಕೆಂಪಗಾಗಿ ಮೇಸ್ತ್ರಿಯ ಕಡೆ ತಿರುಗಿ, ಈ ಹೆಂಗಸಿಗೆ ಇಷ್ಟು ಮಾತು ಕಲಿಸಿದವನು ನೀನೇ ತಾನೆ ಎಂದರು. ಮೇಸ್ತ್ರಿ ರುಮಾಲು ಸರಿಮಾಡಿಕೊಂಡರು. “ನಾ ಏನೂ ಕಲಿಸಿಲ್ರಿ. ನಾ ಕೇಳೀನಿ, ಅಕಿ ನೋಡ್ಯಾಳ. ಅಷ್ಟೇ.”

ನನ್ನನ್ನು ತೆಗೆಯಲಿಲ್ಲ. ಅವರನ್ನು ತೆಗೆದರು. ಬುಟ್ಟಿಯವಳೊಬ್ಬಳ ಮಾತಿಗೆ ಖಣಿ ಅಲ್ಲಾಡಿತು ಎಂದಾಗಬಾರದಲ್ಲ! ಮೇಸ್ತ್ರಿ ಚರಗಿ ಹಿಡಿದು ಹಳಿ ದಾಟಿ ಹೋದರು. ನಾವು ನೋಡುತ್ತಾ ನಿಂತೆವು. ಅವರ ಹಿಂದೆ ಓಡಿಹೋಗಿ ಕಾಲು ಹಿಡಿಯಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಮಂಜು ಬಿದ್ದಿತ್ತು. ಕೆಳಗಿಳಿದು ನೋಡಿದರೆ ಮಾವ ನಮಗಿಂತ ಮೊದಲು ಬಂದು ಒಂದು ಆರಡಿ ಕಲ್ಲಿನ ಮುಂದೆ ಕುಳಿತಿದ್ದರು. ಕೈಯಲ್ಲಿ ಅವರ ಮನೆಯ ಹಿತ್ತಾಳೆ ಚರಗಿ, ಪೂಜೆಗೆ ಇಡುವಂಥದ್ದು. ತಾವೇ ಕಲ್ಲಿನ ಮೇಲೆ ನೀರು ಸುರಿದರು. ಆಮೇಲೆ ತಲೆಯೆತ್ತಿ, ಮಂಜಾದ ಕಣ್ಣಲ್ಲಿ ನಾನೆಲ್ಲಿದ್ದೇನೆಂದು ಹುಡುಕಿ ಕೇಳಿದರು. “ಏನ್ ಕಾಣ್ತದವ್ವಾ?”

ಇನ್ನೂ ಏನೂ ಕಾಣುವುದಿಲ್ಲ ಮಾವ, ಕಾಯಬೇಕು ಎಂದೆ. ಅವರ ಪಕ್ಕದಲ್ಲಿ ಕುಳಿತೆ. ಕೀಲಿಕೈಯವನು ಬಂದು ಕುಳಿತ, ಅವ್ವ ಬುಟ್ಟಿ ಮಗುಚಿ ಅದರ ಮೇಲೆ ಕುಳಿತಳು, ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಮೇಲಿನಿಂದ ಸೀಟಿ ಕೇಳಿತು. ಯಾರೂ ಏಳಲಿಲ್ಲ. ಮತ್ತೆ ಊದಿದರು, ಮತ್ತೆ ಊದಿದರು. ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಹೋಯಿತು, ಅದಕ್ಕೂ ನಾವು ತಲೆ ಎತ್ತಲಿಲ್ಲ. ಬಿಸಿಲು ಬಂತು. ಕಲ್ಲು ಅಂಚಿನಿಂದ ಬೆಳ್ಳಗಾಗುತ್ತಾ ಬಂದು, ನಡುವೆ ಒಂದು ಗೇಣಿನಷ್ಟು ಎಳೆ ನಿಂತಿತು. ನಾನು ಅದನ್ನು ಬಿಟ್ಟು ಗೆರೆ ಹಾಕಿದೆ. ಮಾವ ತಮ್ಮ ಛಣಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ಕಲ್ಲು ಮುನಿಯಲಿಲ್ಲ. ಆರಡಿ ಉದ್ದಕ್ಕೂ ನೆಟ್ಟಗೆ ಬಿಟ್ಟಿತು.

ಆ ಸಭಾಂಗಣದ ಕಲ್ಲುಗಳೆಲ್ಲ ನಾವು ಕಾದು ಕಾದು ಕತ್ತರಿಸಿದವು. ಕಲ್ಲು ಅಖಂಡವಾಗಿ ಬರತೊಡಗಿದ ಮೇಲೆ ಸೀಟಿ ತಾನಾಗಿ ನಿಂತಿತು. ಕ್ಷಮೆಯನ್ನೇನೂ ಯಾರೂ ಕೇಳಲಿಲ್ಲ, ಮೇಸ್ತ್ರಿಯನ್ನು ವಾಪಸ್ ಕರೆಯಲೂ ಇಲ್ಲ. ನನಗೆ ಗುರುತು ಸಿಕ್ಕಿತು. ಚರಗಿಯ ಆಕಾರ, ಮೂರು ಏಟಿಗೆ ಮುಗಿಯುತ್ತದೆ. ಕಾಲೇಜಿನ ಆ ನೆಲವನ್ನು ಮಗುಚಿ ನೋಡಿದರೆ ಇವತ್ತಿಗೂ ಇದ್ದೀತು.

ಏಳೆಂಟು ವರ್ಷದ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಮೇಸ್ತ್ರಿ ಸಿಕ್ಕರು. ಮಳಖೇಡದ ಹತ್ತಿರ ಮಗಳ ಮನೆಯಲ್ಲಿದ್ದರಂತೆ, ಬಹಳ ಇಳಿದುಹೋಗಿದ್ದರು. ನಾನು ಅಷ್ಟರಲ್ಲಿ ಇನ್ನೊಂದು ಖಣಿಯಲ್ಲಿ ಮೇಸ್ತ್ರಿಣಿಯಾಗಿದ್ದೆ. ಆ ಸೀಮೆಗೆಲ್ಲ ನಾನೊಬ್ಬಳೇ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, “ಈಗ ನೀ ಯಾರಿಗಿ ಕೇಳ್ತಿ?” ಎಂದರು. ಆ ಹೊತ್ತಿಗೆ ನಾನೂ ಒಂದು ಸೀಟಿ ಕೊಂಡಿದ್ದೆ. ಹೆಂಗಸಿನ ಮಾತು ಗಂಡಸರು ಕೇಳಬೇಕಲ್ಲ ಎಂದು ನೆಪ ಹೇಳಿಕೊಂಡಿದ್ದೆ, ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಅವರ ಗಾಡಿ ಬಂತು, ಹತ್ತಿದರು. ಮಾರನೆಯ ದಿನ ಸೀಟಿಯನ್ನು ಖಣಿಯ ನೀರಿಗೆ ಎಸೆದು, ಒಂದು ಚರಗಿ ಕೊಂಡೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದು ಮೂರು ತಿಂಗಳಿಗೆ...

ಹೋದ ವಾರ ಟೈಲ್ಸ್‌ನವನು ಹಾರೆ ಎತ್ತಿ, ಇಲ್ಲಿಂದ ಶುರು ಮಾಡಲೇ ಎಂದು ಹೊಸ್ತಿಲ ಕಲ್ಲು ತೋರಿಸಿದ. ಇನ್ನೊಂದು ತಂಬಿಗೆ ನೀರು ಹಾಕಿ, ಏನು ಕಾಣುತ್ತದೆ ಎಂದೆ. ಒದ್ದೆ ಕಲ್ಲು ಎಂದ. ಸುಮ್ಮನಿದ್ದೆ. ತಮ್ಮನ ಮಗ ಬಾಯಿ ತೆರೆದ, ಕೈಯೆತ್ತಿ ತಡೆದೆ. ಅವನು ಫೋನ್ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ಬೇರೆ ದಾರಿಯಿಲ್ಲದೆ ಕಲ್ಲನ್ನೇ ನೋಡಿದ. ಒಣಗುವ ಹೊತ್ತಿಗೆ ಟೈಲ್ಸ್‌ನವನು ತಾನಾಗಿ ಕುಕ್ಕರುಗಾಲಲ್ಲಿ ಕುಳಿತು ಕಪ್ಪು ಗೆರೆಯ ಮೇಲೆ ಬೆರಳಾಡಿಸಿದ. ಬಿರುಕು ಬಿಟ್ಟ ಕಲ್ಲು ಇಷ್ಟು ವರ್ಷ ತುಳಿದರೂ ಹೇಗೆ ಉಳಿಯಿತು ಎಂದು ತನ್ನನ್ನೇ ಕೇಳಿಕೊಂಡ. ಗೆಣ್ಣಿನಿಂದ ತಟ್ಟಿ ನೋಡಿ, “ಕೆಳಗ ಭಾಳ ಛಲೋ ಕೂಡಿಸ್ಯಾರ್ರಿ ಇದನ್ನ” ಎಂದ.

ಕೂರಿಸಿದವರು ಯಾರು ಅತ್ತಿ ಎಂದು ತಮ್ಮನ ಮಗ ಕೇಳಿದ. ನೆಲ ಕೀಳುವುದಿಲ್ಲ, ಟೈಲ್ಸ್ ವಾಪಸ್ ಒಯ್ಯಿ ಎಂದಷ್ಟೇ ಹೇಳಿದೆ. ಈ ಮನೆಯಲ್ಲಿ ನಾನಿರುವವರೆಗೆ ಆ ಕಲ್ಲು ಅಲ್ಲಿಯೇ ಇರುತ್ತದೆ, ಬರುವವರೆಲ್ಲ ಅದರ ಮೇಲೆ ಕಾಲಿಟ್ಟೇ ಬರಬೇಕು. ತಮ್ಮನ ಮಗ ಸಿಟ್ಟು ಮಾಡಿಕೊಂಡು ಹೋದ. ಎರಡು ದಿನದ ಮೇಲೆ ಫೋನ್ ಮಾಡಿದಾಗ ಅವನ ದನಿ ತುಸು ಮೆತ್ತಗಿತ್ತು, ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ದಿನಾ ಬೆಳಿಗ್ಗೆ ನೆಲ ಒರೆಸಿದ ಮೇಲೆ ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ಕೂರುತ್ತೇನೆ. ಕಲ್ಲು ಒಣಗುತ್ತದೆ. ನನ್ನ ಕಣ್ಣಿಗೂ ಈಗ ಪೊರೆ ಬಂದಿದೆ, ಆದರೂ ಎಳೆ ಕಾಣುತ್ತದೆ. ಕಾಣುತ್ತದೆ ಎಂದು ಹೇಳೋಣವೆಂದರೆ, ಏನ್ ಕಾಣ್ತದ ಎಂದು ಕೇಳುವವರು ಇಲ್ಲ.